ಒಗರಿನ ಲೆಕ್ಕ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಹಸಿರು ಚಹಾ ಮತ್ತು ಕೆಫೀನು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಎಳೆ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸುವಾಗ ಅದಕ್ಕೆ ಬಣ್ಣ ಕಟ್ಟುವುದು ಈ ಚೊಗರೇ. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದರೆ ಬಾಯಿಯ ಪಸೆಯೆಲ್ಲ ಹಿಂಡಿಹೋದಂತಾಗುತ್ತದೆ. ಅದು ಒಗರು. ಹಸಿರು ಚಹಾದ ಮೊದಲ ಗುಟುಕಿನಲ್ಲಿ ಸಿಗುವುದೂ ಇದೇ ರುಚಿ. ಎಳೆ ಅಡಿಕೆಯಲ್ಲೂ ಚಹಾ ಎಲೆಯಲ್ಲೂ ಇರುವ ಪಾಲಿಫಿನಾಲ್‌ಗಳು ಕ್ಯಾಟೆಚಿನ್ ಎಂಬ ಒಂದೇ ಬಳಗದವು. ಜೊಲ್ಲಿನ ಪ್ರೋಟೀನನ್ನು ಕಟ್ಟಿಹಾಕಿ ಬಾಯಿ ಒಣಗಿಸುವುದು ಇವುಗಳ ಗುಣ.

ಗ್ರೀನ್ ಟೀ ಪೊಟ್ಟಣ ಈಗ ಹೊನ್ನಾಳಿ, ನ್ಯಾಮತಿಯ ಕಿರಾಣಿ ಅಂಗಡಿಗಳಿಗೂ ಬಂದಿದೆ. ತೂಕ ಇಳಿಸಲು, ಸಕ್ಕರೆ ಕಾಯಿಲೆ ಹತೋಟಿಗೆ, ಕೊಬ್ಬು ಕರಗಿಸಲು ಎಂದು ಜನ ಅದನ್ನು ಕೊಳ್ಳುತ್ತಾರೆ. ಕೊಂಡವರಿಗೆ ಏಳುವ ಅನುಮಾನಗಳು ಮಾತ್ರ ಬಹುಮಟ್ಟಿಗೆ ಕೆಫೀನಿನವು: ನಿದ್ದೆ ಕೆಡುವುದಿಲ್ಲವೇ, ಎದೆ ಡವಡವ ಎನ್ನುವುದಿಲ್ಲವೇ, ಬಸುರಿಯರು ಕುಡಿಯಬಹುದೇ? ಇವು ಸರಿಯಾದ ಪ್ರಶ್ನೆಗಳೇ. ಆದರೆ ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಊಟ, ನೀರು, ದುಡಿಮೆಗಳ ನಡುವೆ ಇಟ್ಟು ನೋಡಿದಾಗ ಕೆಫೀನಿಗಿಂತ ಒಗರು ಹೆಚ್ಚು ಗಮನ ಬೇಡುತ್ತದೆ ಎಂಬುದು ಈ ಲೇಖನದ ವಾದ. ಕೆಫೀನನ್ನೂ ಒಂದು ಲೋಟದಲ್ಲಿ ಅಳೆಯದೆ ಇಡೀ ದಿನದ ಲೆಕ್ಕದಲ್ಲಿ ಅಳೆಯಬೇಕು.

ಹಾಲು ಹಾಕಿ ಕುದಿಸುವ ಪುಡಿಯೂ ಗ್ರೀನ್ ಟೀಯೂ ಒಂದೇ ಗಿಡದ ಎಲೆ. ಕೊಯ್ದ ಎಲೆಯನ್ನು ಹಬೆಯಲ್ಲೋ ಬಾಣಲೆಯಲ್ಲೋ ಬೇಗ ಬಿಸಿ ಮಾಡಿ ಅದರ ಕಿಣ್ವಗಳನ್ನು ಸುಮ್ಮನಾಗಿಸಿದರೆ ಹಸಿರು ಉಳಿಯುತ್ತದೆ, ಕ್ಯಾಟೆಚಿನ್‌ಗಳೂ ಉಳಿಯುತ್ತವೆ. ಜಜ್ಜಿ ಗಾಳಿಗೆ ಬಿಟ್ಟರೆ ಅವು ಮಾರ್ಪಟ್ಟು ಎಲೆ ಕಪ್ಪಾಗುತ್ತದೆ. ಕೆಫೀನು ಎರಡು ದಾರಿಯಲ್ಲೂ ಹೆಚ್ಚು ಬದಲಾಗುವುದಿಲ್ಲ. ಒಣ ಎಲೆಯ ತೂಕದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4. ಲೋಟದಲ್ಲಿ ವ್ಯತ್ಯಾಸ ಬರುವುದು ನಾವು ಮಾಡುವ ಕ್ರಮದಿಂದ. ಸಣ್ಣ ಪುಡಿಯನ್ನು ನೀರಿನಲ್ಲಿ ಕುದಿಸಿ, ಹಾಲು ಸುರಿದು ಮತ್ತೆ ಕುದಿಸುವ ನಮ್ಮ ಹೋಟೆಲಿನ ರೂಢಿಯಲ್ಲಿ ಎಲೆಯಲ್ಲಿದ್ದುದೆಲ್ಲ ಇಳಿದುಬರುತ್ತದೆ. ಕುದಿ ಇಳಿದ ನೀರಿನಲ್ಲಿ ಹಸಿರು ಎಲೆಯನ್ನು ಎರಡು ನಿಮಿಷ ನೆನೆಹಾಕಿದರೆ ಕೆಫೀನೂ ಕಡಿಮೆ, ಒಗರೂ ಕಡಿಮೆ. ಅನೇಕ ಮನೆಗಳಲ್ಲಿ ಗ್ರೀನ್ ಟೀಯನ್ನೂ ಕಷಾಯದ ಹಾಗೆ ಕುದಿಸಿಯೇ ಇಳಿಸುತ್ತಾರೆ. ಅಲ್ಲಿಗೆ ಪೊಟ್ಟಣದ ಮೇಲಿನ ಅಂಕಿ ನಿಲ್ಲುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮಿತಿಯಾಗಿ ಹೇಳುತ್ತದೆ. 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65, ಅಷ್ಟೇ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ ಎಂಬುದು ಅದೇ ಮಾರ್ಗಸೂಚಿಯ ಲೆಕ್ಕ. ಆದರೆ ಹೊನ್ನಾಳಿ ಬಸ್ ನಿಲ್ದಾಣದ ಬಳಿ 150 ಮಿಲಿಲೀಟರ್ ಚಹಾ ಯಾರು ಕೊಡುತ್ತಾರೆ? ಸಣ್ಣ ಗಾಜಿನ ಲೋಟ 80 ಮಿಲಿಲೀಟರ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಅದರಲ್ಲಿ 16ರಿಂದ 35 ಮಿಲಿಗ್ರಾಂ. ದಿನಕ್ಕೆ ಆರು ಲೋಟವಾದರೆ 96ರಿಂದ 210. ಇದರ ಮೇಲೆ ಆರೋಗ್ಯಕ್ಕೆಂದು ಎರಡು ಕಪ್ಪು ಹಸಿರು ಚಹಾ, ಕಪ್ಪಿಗೆ 20ರಿಂದ 30ರಂತೆ, ಸೇರಿದರೆ 136ರಿಂದ 270. ಆರೋಗ್ಯವಂತ ವಯಸ್ಕರಿಗೆ ಇದು ಮಿತಿಯೊಳಗೇ ಇದೆ. ಬಸುರಿಯರ ಮಾತು ಬೇರೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಗರ್ಭಿಣಿಯರಿಗೆ ಹಾಕಿದ ಗೆರೆ 200 ಮಿಲಿಗ್ರಾಂ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕೆಫೀನು ದೇಹದಿಂದ ಹೊರಹೋಗಲು ಮಾಮೂಲಿಗಿಂತ ಹಲವು ಪಟ್ಟು ಹೊತ್ತು ಹಿಡಿಯುತ್ತದೆ. ಆಗ ಮೇಲಿನ ಮೊತ್ತ ಸಣ್ಣದಲ್ಲ. ಹಾಲಿನ ಚಹಾ ಬಿಟ್ಟು ಗ್ರೀನ್ ಟೀ ಹಿಡಿದವರಿಗೆ ಕೆಫೀನು ಇಳಿಯುತ್ತದೆ; ಅದನ್ನು ಬಿಡದೆ ಇದನ್ನೂ ಸೇರಿಸಿಕೊಂಡವರಿಗೆ ಏರುತ್ತದೆ. ನಾನು ಕಂಡ ಮಟ್ಟಿಗೆ ಸೇರಿಸಿಕೊಳ್ಳುವವರೇ ಹೆಚ್ಚು.

ಲಾಭದ ಮಾತನ್ನು ಇಲ್ಲಿ ಚುಟುಕಾಗಿ ಹೇಳಬಹುದು. ಜಪಾನಿನ ಒಸಾಕಿಯಲ್ಲಿ 40,530 ವಯಸ್ಕರನ್ನು 1994ರಿಂದ ಹಿಂಬಾಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಕಪ್ಪು ಕುಡಿಯುವವರಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಸಾವು ಕಡಿಮೆ ಕಂಡಿತು, ಹೆಂಗಸರಲ್ಲಿ ಹೆಚ್ಚು ಸ್ಪಷ್ಟವಾಗಿ. ಕುಡಿಯುವವರನ್ನು ನೋಡಿ ತೆಗೆದ ಸಂಬಂಧ ಅದು. ಕುಡಿಸಿ ನೋಡಿದ ಪ್ರಯೋಗವಲ್ಲ. ತೂಕ ಇಳಿಯುವ ಬಗ್ಗೆ ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆ ಕಂಡದ್ದು ಗಣನೆಗೆ ಬಾರದಷ್ಟು ಕಡಿಮೆ ಫಲ. ತೂಕ ಇಳಿಸಲೆಂದು ಮಾರುವ ಗಾಢ ಸತ್ವದ ಮಾತ್ರೆಗಳ ಬಗ್ಗೆ ಮಾತ್ರ ಗಟ್ಟಿಯಾಗಿಯೇ ಎಚ್ಚರಿಸಬೇಕು: ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಎಂಬ ಕ್ಯಾಟೆಚಿನ್ ಹೊಟ್ಟೆಗೆ ಹೋದರೆ ಯಕೃತ್ತಿಗೆ ಪೆಟ್ಟಾದ ಸೂಚನೆಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ಅದೇ ಐರೋಪ್ಯ ಪ್ರಾಧಿಕಾರ 2018ರಲ್ಲಿ ಹೇಳಿದೆ. ಲೋಟದ ಚಹಾದಿಂದ ಅಷ್ಟು ಸೇರುವುದು ಅಪರೂಪ.

ಇನ್ನು ಒಗರು. ಚರಕಸಂಹಿತೆ ಆರು ರಸಗಳನ್ನು ವಿವರಿಸುವಾಗ ಕಷಾಯ ರಸ, ಅಂದರೆ ಒಗರು, ಅತಿಯಾದರೆ ಬಾಯಿ ಒಣಗಿ, ಹೊಟ್ಟೆ ಉಬ್ಬಿ, ಎದೆಗೆ ಬಾಧೆಯಾಗುತ್ತದೆ ಎನ್ನುತ್ತದೆ. ಇಂದಿನ ಪೋಷಣಾಶಾಸ್ತ್ರ ಆ ಪಟ್ಟಿಗೆ ಇನ್ನೊಂದನ್ನು ಸೇರಿಸುತ್ತದೆ. ಚಹಾದ ಪಾಲಿಫಿನಾಲ್‌ಗಳು ಕಾಳು, ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಮಾಂಸದ ಕಬ್ಬಿಣಕ್ಕೆ ಈ ತಡೆ ಬಹಳ ಕಡಿಮೆ. ನಮ್ಮ ಸೀಮೆಯ ತಟ್ಟೆಯಲ್ಲಿ ಜೋಳದ ರೊಟ್ಟಿ, ರಾಗಿಮುದ್ದೆ, ಅನ್ನ, ಸೊಪ್ಪಿನ ಪಲ್ಯ, ಬೇಳೆಸಾರು; ಕಬ್ಬಿಣ ಬಹುಪಾಲು ಸಸ್ಯಮೂಲದ್ದೇ. ರಾಗಿಯಲ್ಲಿ ಪಾಲಿಫಿನಾಲ್, ಫೈಟೇಟ್‌ಗಳು ಮೊದಲೇ ಇವೆ. ಊಟವಾದ ಕೂಡಲೇ ಜೀರ್ಣಕ್ಕೆ ಒಳ್ಳೆಯದೆಂದು ಒಂದು ಕಪ್ಪು ಗ್ರೀನ್ ಟೀ ಕುಡಿದರೆ ಆ ತಟ್ಟೆಯ ಕಬ್ಬಿಣದ ದೊಡ್ಡ ಪಾಲು ವ್ಯರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗ್ರೀನ್ ಟೀ ಕುರಿತ ಸಲಹೆ ಕೊಡುವವರು ಈ ಅಂಕಿಯಿಂದ ಶುರು ಮಾಡಬೇಕು ಎಂಬುದು ನನ್ನ ದೃಢವಾದ ನಿಲುವು.

ಪರಿಹಾರ ಕಷ್ಟದ್ದಲ್ಲ, ಹೊತ್ತು ಬದಲಿಸಿದರೆ ಸಾಕು. ಊಟಕ್ಕೆ ಒಂದು ತಾಸು ಹಿಂದೆ ಮುಂದೆ ಚಹಾ, ಕಾಫಿ ಬೇಡ ಎಂದು 2024ರ ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ. 2017ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟದ ಜೊತೆ ಗರ್ಭಿಣಿಯರು ಅಂಗನವಾಡಿಯಲ್ಲಿ ಕಬ್ಬಿಣಾಂಶದ ಮಾತ್ರೆ ನುಂಗುತ್ತಾರೆ. ಮನೆಗೆ ಬಂದೊಡನೆ ಅತ್ತೆ ಪ್ರೀತಿಯಿಂದ ಕೊಡುವ ಒಂದು ಲೋಟ ಚಹಾ, ಹಸಿರಾಗಲಿ ಕಪ್ಪಾಗಲಿ, ಆ ಮಾತ್ರೆಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬಹುದು. ಅದರ ಬದಲು ನಿಂಬೆಹಣ್ಣಿನ ಪಾನಕವಾದರೆ ಕಬ್ಬಿಣ ಹೀರುವಿಕೆಗೆ ನೆರವೇ ಸಿಗುತ್ತದೆ.

ಎಲೆಅಡಿಕೆಯನ್ನು ಬಿಟ್ಟು ಚನ್ನಗಿರಿಯ ಚಹಾದ ಕಥೆ ಪೂರ್ತಿಯಾಗದು. ಅಡಿಕೆಯಲ್ಲಿ ಕೆಫೀನಿಲ್ಲ, ಅದರ ಚುರುಕು ಅರೆಕೊಲಿನ್ ಎಂಬ ಬೇರೆಯೇ ಆಲ್ಕಲಾಯ್ಡಿನದು. ಊಟದ ಮೇಲೆ ಎಲೆಅಡಿಕೆ, ಅದರ ಮೇಲೆ ಚಹಾ ಎಂದರೆ ಒಗರಿನ ಮೇಲೆ ಒಗರು, ಚುರುಕಿನ ಮೇಲೆ ಚುರುಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅಡಿಕೆಯನ್ನೇ ನಂಬಿ ಬದುಕುವ ಊರುಗಳಿಗೆ ಇದು ನೋವಿನ ಸಂಗತಿ, ಆದರೂ ಹೇಳಲೇಬೇಕಾದದ್ದು. ಅದೇ ಸಂಸ್ಥೆ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದಿತು. ಅಡಿಕೆ ಅಗಿದು ನವೆದ ಬಾಯಿಗೆ ಸುಡುವ ಚಹಾ ಸುರಿಯುವ ರೂಢಿಯನ್ನು ಗ್ರೀನ್ ಟೀಯ ಒಳ್ಳೆಯ ಹೆಸರು ಕಾಯಲಾರದು.

ಜಗಳೂರಿನ ಕಡೆ ಹೋದರೆ ಪ್ರಶ್ನೆ ಎಲೆಯಿಂದ ನೀರಿಗೆ ಜಾರುತ್ತದೆ. ಮಳೆ ಕಡಿಮೆಯಾದ, ಕೊಳವೆಬಾವಿಯನ್ನೇ ನೆಚ್ಚಿದ ಈ ತಾಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಹಳೆಯದು. ಭಾರತೀಯ ಮಾನಕ ಬ್ಯೂರೋ ಒಪ್ಪುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಾಗ 1.5. ಚಹಾ ಗಿಡ ಮಣ್ಣಿನ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ; ಬಲಿತ ಎಲೆಯಲ್ಲಿ ಹೆಚ್ಚು, ಚಿಗುರಿನಲ್ಲಿ ಕಡಿಮೆ. ಬಲಿತ ಎಲೆಯ ಇಟ್ಟಿಗೆ ಚಹಾ ಕುಡಿಯುವ ಟಿಬೆಟಿನಲ್ಲಿ ಚಹಾದಿಂದಲೇ ಫ್ಲೋರೋಸಿಸ್ ಬಂದಿದೆ.

ಹಾಗೆಂದು ಜಗಳೂರಿನಲ್ಲಿ ಎಲೆಯನ್ನು ದೂರುವುದು ತಪ್ಪಾಗುತ್ತದೆ. ಬಿಸಿಲಲ್ಲಿ ಶೇಂಗಾ ಕೀಳುವವರು ದಿನಕ್ಕೆ 4 ಲೀಟರ್ ನೀರು ಕುಡಿದರೆ, ಲೀಟರಿಗೆ 1.5ರಂತೆ 6 ಮಿಲಿಗ್ರಾಂ ಫ್ಲೋರೈಡು ನೀರಿನಿಂದಲೇ ಸೇರುತ್ತದೆ. ಮೂರು ಕಪ್ಪು ಹಸಿರು ಚಹಾದಲ್ಲಿ ಎಲೆಯ ಪಾಲು, ಲೀಟರಿಗೆ 1 ಮಿಲಿಗ್ರಾಂ ಎಂದು ಹಿಡಿದರೆ, ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಎಲೆ ಕೂಡಿಸುವುದು ಇಷ್ಟೇ, ನೀರು ಕೂಡಿಸುವುದು ಅಷ್ಟೊಂದು. ಚಹಾ ಕುದಿಸುತ್ತೇವಲ್ಲ, ಕುದಿದ ನೀರಿನಲ್ಲಿ ಫ್ಲೋರೈಡು ಹೋಗುತ್ತದೆ ಎಂಬ ನಂಬಿಕೆ ಮಾತ್ರ ಅಪಾಯಕರ: ನೀರು ಇಂಗಿದಷ್ಟೂ ಅದು ಗಾಢವಾಗುತ್ತದೆ. ಇಲ್ಲಿ ಗ್ರೀನ್ ಟೀ ಕುಡಿಯುವವರು ಎಲೆಯ ಬ್ರಾಂಡಿಗಿಂತ ಮೊದಲು ನೀರನ್ನು ವಿಚಾರಿಸಬೇಕು. ಶುದ್ಧ ನೀರಿನ ಘಟಕದ ನೀರು ಕುಡಿಯಲಿಕ್ಕೆ, ಕೊಳವೆಬಾವಿಯದು ಚಹಾಕ್ಕೆ ಎಂಬ ಪಾಲು ಬೇಡ.

ಕೊನೆಗೆ ನಿದ್ದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಚನ್ನಗಿರಿ, ನ್ಯಾಮತಿ ಕಡೆ ಸುಲಿಯುವ ಕೆಲಸ ರಾತ್ರಿಗೂ ಮುಂದುವರಿಯುತ್ತದೆ. ಕೊಯ್ದ ಕಾಯಿ ಕಾಯುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರಿಗೆ ನಡುನಡುವೆ ಚಹಾ ಬರುತ್ತದೆ. ಕೆಫೀನು ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕದ ಜಾಗ ಹಿಡಿದು ದಣಿವನ್ನು ಮರೆಸುತ್ತದೆ, ದಣಿವನ್ನು ತೀರಿಸುವುದಿಲ್ಲ. ಅದರ ಅರ್ಧದಷ್ಟು ದೇಹದಿಂದ ಹೋಗಲು ಸರಾಸರಿ 5 ತಾಸು ಬೇಕು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ರಾತ್ರಿ 10ಕ್ಕೆ ಕುಡಿದ ಚಹಾದ ಅರ್ಧ ಕೆಫೀನು ಬೆಳಗಿನ ಜಾವ 3ಕ್ಕೂ ರಕ್ತದಲ್ಲಿರುತ್ತದೆ. ಕೆಲಸ ಮುಗಿಸಿ ಒಂದಕ್ಕೆ ಚಾಪೆ ಹಾಸಿ, ಆರಕ್ಕೆ ಒಲೆ ಹಚ್ಚಬೇಕಾದವಳಿಗೆ ಉಳಿಯುವುದು ಐದು ತಾಸು. ಅದರಲ್ಲೂ ಒಂದು ಪಾಲನ್ನು ಆ ಲೋಟ ತಿನ್ನಬಹುದು. ಹಸಿರು ಚಹಾವಾದರೆ ತಿನ್ನುವುದು ಸ್ವಲ್ಪ ಕಡಿಮೆ. ರಾತ್ರಿಯ ಎರಡನೇ ಸುತ್ತಿಗೆ ಚಹಾದ ಬದಲು ಶುಂಠಿ, ಜೀರಿಗೆಯ ಕಷಾಯ ಕಾಯಿಸಿದರೆ ಕೆಫೀನೂ ಇರುವುದಿಲ್ಲ, ಚಹಾದೆಲೆಯ ಒಗರೂ ಇರುವುದಿಲ್ಲ.