ಎಣ್ಣೆಬಾವಿಯ ವಾರಸುದಾರರು

ತೈಲ ಕಂಪೆನಿಯೊಂದು ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರೆ ನಾವು ಔದಾರ್ಯವೆಂದು ಕೊಂಡಾಡುತ್ತೇವೆ. ಆ ನೆಲದ ಎಣ್ಣೆ ಯಾರದಾಗಿತ್ತು ಎಂದು ಕೇಳುವುದಿಲ್ಲ.

ಬರ್ಮಾದ ಐರಾವತಿ ದಂಡೆಯ ಯೆನಾಂಗ್ಯಾಂಗ್ ಎಂದರೆ 'ನಾತದ ನೀರಿನ ಹಳ್ಳ'. ಅಲ್ಲಿ ಕೈಯಿಂದ ಬಾವಿ ತೋಡಿ ಎಣ್ಣೆ ಸೇದುವ ವಂಶಪಾರಂಪರ್ಯ ಹಕ್ಕು 24 ಮನೆತನಗಳದಾಗಿತ್ತು. ಅವುಗಳಲ್ಲಿ ಆರಕ್ಕೆ ಹೆಂಗಸರೇ ಯಜಮಾನರು. (ಷರೀಅತ್ ಹೇಳಿದ ಪಾಲನ್ನೂ ಹೆಣ್ಣುಮಕ್ಕಳಿಗೆ ಕೊಡಲು ಹಿಂದುಮುಂದು ನೋಡುವ ನಾವು ಇದನ್ನು ಗಮನಿಸಬೇಕು.)

1886ರಲ್ಲಿ ಸ್ಕಾಟ್ಲೆಂಡಿನ ವರ್ತಕರು ಸ್ಥಾಪಿಸಿದ ಬರ್ಮಾ ಆಯಿಲ್ ಕಂಪೆನಿ ಇಲ್ಲಿಗೆ ಕೊರೆಯುವ ಯಂತ್ರ ತಂದಿತು. ಬ್ರಿಟಿಷ್ ಸರ್ಕಾರ ಮನೆತನಗಳ ಹಕ್ಕನ್ನು ಒಪ್ಪಿ ಜಾಗವನ್ನೂ ಮೀಸಲಿಟ್ಟಿತ್ತು. ಆದರೆ ಕೈಬಾವಿ ಯಂತ್ರದೆದುರು ಎಷ್ಟು ದಿನ ನಿಂತೀತು? ಬಾವಿಜಾಗಗಳು ಒಂದೊಂದಾಗಿ ಕಂಪೆನಿಗಳಿಗೆ ಮಾರಾಟವಾದವು.

1938ರಲ್ಲಿ ತೈಲಕ್ಷೇತ್ರದ ಕಾರ್ಮಿಕರು ಮುಷ್ಕರ ಹೂಡಿ, ಕಾಲ್ನಡಿಗೆಯಲ್ಲೇ ರಂಗೂನಿಗೆ ಹೊರಟರು. ಅವರ ಬೆಂಬಲಕ್ಕೆ ಬೀದಿಗಿಳಿದ ವಿದ್ಯಾರ್ಥಿಯೊಬ್ಬ ಆ ಡಿಸೆಂಬರಿನಲ್ಲಿ ಪೊಲೀಸರ ಪೆಟ್ಟಿಗೆ ಬಲಿಯಾದ.