ಪ್ಲಂಬರ್ ಅನ್ನೋ ಹೆಸರಿನೊಳಗೆ ಇರೋ ಸೀಸ

ಮೊನ್ನೆ ತೋಟದಲ್ಲಿ ಉಳಿದಿದ್ದ ಹಳೇ ಪಿವಿಸಿ ಪೈಪನ್ನೇ ಅಡುಗೆಮನೆ ನಲ್ಲಿಗೆ ಜೋಡಿಸ್ತಿದ್ದೆ. ಪ್ಲಂಬರ್ ಕೆಲಸ ಮಾಡ್ತಿದ್ದಾಗ ಪಿಯುಸಿ ಓದೋ ಮಗಳು, "ಅಪ್ಪಾ, ಪ್ಲಂಬರ್ ಅಂದ್ರೆ ಸೀಸದ ಕೆಲಸದವನು ಅಂತ ಅರ್ಥ" ಅಂದ್ಲು. ಪ್ಲಾಸ್ಟಿಕ್ ಪೈಪಿಗೂ ಸೀಸಕ್ಕೂ ಏನಮ್ಮಾ ಸಂಬಂಧ ಅಂತ ನಕ್ಕೆ. ಆಮೇಲೆ ಕೂತು ಓದಿದ ಮೇಲೆ ನಗು ನಿಂತೋಯ್ತು.

ರೋಮನ್ನರ ಲ್ಯಾಟಿನ್ ಭಾಷೇಲಿ ಸೀಸಕ್ಕೆ ಪ್ಲಂಬಮ್ ಅಂತಾರೆ. ಹೈಸ್ಕೂಲಲ್ಲಿ ಸೀಸದ ಸಂಕೇತ ಪಿಬಿ ಅಂತ ಬಾಯಿಪಾಠ ಮಾಡಿದ್ವಲ್ಲ, ಅದರ ಮೂಲ ಇದೇ. ಸೀಸ ಮೆತ್ತಗಿನ ಲೋಹ, 327 ಡಿಗ್ರಿಗೇ ಕರಗುತ್ತೆ, ಕಬ್ಬಿಣದ ಹಾಗೆ ತುಕ್ಕು ತಿನ್ನಲ್ಲ. ರೋಮನ್ನರು ಅದರ ತಗಡು ಬಗ್ಗಿಸಿ ನೀರಿನ ಕೊಳವೆ ಮಾಡ್ತಿದ್ರು. ಆ ಕೆಲಸಗಾರ ಪ್ಲಂಬೇರಿಯಸ್. ಪದ ಫ್ರೆಂಚ್ ದಾಟಿ ಇಂಗ್ಲೆಂಡಿಗೆ ಬಂತು. ಅಲ್ಲಿ ಚರ್ಚಿನ ಚಾವಣಿಗೆ ಸೀಸದ ತಗಡು ಹೊದಿಸೋನೂ ಪ್ಲಂಬರೇ. ಗಾರೆಯವರ ತೂಗುಗುಂಡಿಗೆ ಇಂಗ್ಲಿಷಲ್ಲಿ ಪ್ಲಂಬ್ ಅನ್ನೋದೂ ಇದರಿಂದಲೇ, ಆ ಗುಂಡು ಸೀಸದ್ದಾಗಿತ್ತು. ಇಂಗ್ಲಿಷರು ಬರೆಯೋವಾಗ ಬಿ ಬರೆದು, ಹೇಳೋವಾಗ ಅದನ್ನ ನುಂಗಿ 'ಪ್ಲಮರ್' ಅಂತಾರೆ. ನಾವು ಪೂರ್ತಿ ಪ್ಲಂಬರ್ ಅಂತೀವಿ. ಲ್ಯಾಟಿನ್ನಿಗೆ ನಮ್ಮ ಬಾಯೇ ಹತ್ತಿರ!

ಈಗ ಮುಖ್ಯ ವಿಷಯ. ಸುಮಾರು 2000 ವರ್ಷದ ಹಿಂದೆಯೇ ವಿಟ್ರೂವಿಯಸ್ ಅನ್ನೋ ರೋಮನ್ ವಾಸ್ತುಶಿಲ್ಪಿ, ಸೀಸದ ಕೊಳವೆ ನೀರಿಗಿಂತ ಮಣ್ಣಿನ ಕೊಳವೆ ನೀರೇ ಒಳ್ಳೇದು ಅಂತ ಬರೆದಿದ್ದ. ಅವನ ಆಧಾರ ಏನು ಗೊತ್ತಾ? ಸೀಸ ಕರಗಿಸೋ ಕೆಲಸಗಾರರ ಬಿಳುಚಿದ ಮೈಬಣ್ಣ. ಅವನ ಮಾತನ್ನ ಜನ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಮೆರಿಕದಲ್ಲಿ ಹೊಸದಾಗಿ ಸೀಸದ ಪೈಪ್ ಹಾಕೋದನ್ನ ನಿಲ್ಲಿಸಿದ್ದೇ 1986ರಲ್ಲಿ. ಅಲ್ಲಿನ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿದ ಮೇಲೆ ಹಳೇ ಪೈಪಿನ ಸೀಸ ಕುಡಿಯೋ ನೀರಿಗೆ ಇಳೀತು. ಸೀಸ ಮಕ್ಕಳ ಮಿದುಳಿಗೇ ಪೆಟ್ಟು ಕೊಡುತ್ತೆ.

ನಮಗೇನು, ನಮ್ಮದು ಪಿವಿಸಿ ಅನ್ನಬೇಡಿ. ಬಿಸಿಗೆ ಕೆಡದ ಹಾಗೆ ಪಿವಿಸಿಗೂ ಸೀಸದ ಸಂಯುಕ್ತ ಬೆರೆಸ್ತಿದ್ರು. ಅದಕ್ಕೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂತು.

ನಾನಂತೂ ಆ ಹಳೇ ಪೈಪ್ ಬಿಚ್ಚಿಸಿ, ಅಡುಗೆಮನೆಗೆ ಸೀಸ ಇಲ್ಲದ ಹೊಸದನ್ನ ಹಾಕ್ಸಿದೆ. ಹಳೇದು ಬದುವಿನ ಮೇಲಿದೆ, ಅಡಿಕೆ ಗಿಡಕ್ಕೂ ಬೇಡ ಅಂತ ಅಲ್ಲೇ ಬಿಟ್ಟಿದ್ದೀನಿ. ನೀವೂ ಪೈಪ್ ತರೋವಾಗ ಅಂಗಡೀಲಿ ಒಂದು ಮಾತು ಕೇಳಿ: "ಕುಡಿಯೋ ನೀರಿಗೆ, ಸೀಸ ಇಲ್ಲದ್ದು ಕೊಡಿ."