ಎತ್ತರದಲ್ಲಿ ಹೆಪ್ಪುಗಟ್ಟುವ ನೆತ್ತರು

ಬಳ್ಳಾರಿಯ ಕೋಟೆ ಗುಡ್ಡ ಹತ್ತಿದವರಿಗೆ ಏದುಸಿರು ಬರಬಹುದು, ಕುರುಗೋಡಿನ ಬೆಟ್ಟಗಳಲ್ಲಿ ಅಲೆದವರಿಗೆ ಮೀನಖಂಡ ನೋಯಬಹುದು. ರಾತ್ರಿ ಬಿಸಿನೀರು ಸುರಿದುಕೊಂಡರೆ ಮುಗಿಯಿತು. ಆದರೆ ಮೀನಖಂಡದ ನೋವೇ ಪ್ರಾಣಕ್ಕೆ ಎರವಾಗುವ ಎತ್ತರಗಳೂ ಇವೆ.

1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಕಾರಾಕೋರಂನ 8,611 ಮೀಟರ್ ಎತ್ತರದ ಕೆ–2 ಶಿಖರಕ್ಕೆ ಹೊರಟ ಅಮೆರಿಕದ ತಂಡದ ಕಥೆ ನಮ್ಮಲ್ಲಿ ಅಷ್ಟು ಪರಿಚಿತವಲ್ಲ. ಸುಮಾರು 7,700 ಮೀಟರ್ ಎತ್ತರದಲ್ಲಿ ಬಿರುಗಾಳಿ ಎಂಟು ಮಂದಿಯನ್ನು ದಿನಗಟ್ಟಲೆ ಗುಡಾರಗಳಲ್ಲಿ ಕೂಡಿಹಾಕಿತು. ಆಗಸ್ಟ್ 7ರಂದು ಹೊರಗೆ ಬಂದ ಯುವ ಭೂವಿಜ್ಞಾನಿ ಆರ್ಟ್ ಗಿಲ್ಕಿ ಕುಸಿದುಬಿದ್ದರು. ತಂಡದ ನಾಯಕ ಚಾರ್ಲ್ಸ್ ಹ್ಯೂಸ್ಟನ್ ಸ್ವತಃ ವೈದ್ಯರು. ಎಡಗಾಲಿನ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿದೆ ಎಂದು ಅವರು ಗುರುತಿಸಿದರು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಉಳಿಗಾಲವಿಲ್ಲ.

ಶಿಖರದ ಆಸೆ ಬಿಟ್ಟ ಗೆಳೆಯರು ಆಗಸ್ಟ್ 10ರಂದು ಗಿಲ್ಕಿಯವರನ್ನು ಮಲಗುಚೀಲದಲ್ಲಿ ಸುತ್ತಿ ಹಗ್ಗದ ಮೇಲೆ ಇಳಿಸತೊಡಗಿದರು. ದಾರಿಯಲ್ಲಿ ಐವರು ಜಾರಿದರು. ಪೀಟ್ ಶೋನಿಂಗ್ ಒಬ್ಬರೇ ಹಗ್ಗ ಬಿಗಿಹಿಡಿದು ಎಲ್ಲರನ್ನೂ ಉಳಿಸಿದರು! ಆದರೆ ಗುಡಾರ ಹಾಕಿ ಮರಳಿ ಬರುವಷ್ಟರಲ್ಲಿ ಇಳಿಜಾರಿಗೆ ಬಿಗಿದಿದ್ದ ಗಿಲ್ಕಿ ಅಲ್ಲಿರಲಿಲ್ಲ. ಹಿಮಕುಸಿತ ಕೊಚ್ಚಿಕೊಂಡು ಹೋಯಿತೋ, ಗೆಳೆಯರಿಗೆ ಹೊರೆಯಾಗಬಾರದೆಂದು ತಾವೇ ಹಗ್ಗ ಬಿಡಿಸಿಕೊಂಡರೋ, ಚರ್ಚೆ ಇನ್ನೂ ಮುಗಿದಿಲ್ಲ.

ಗಟ್ಟಿಮುಟ್ಟಾದ ಯುವಕನಿಗೆ ಹೀಗೇಕಾಯಿತು? ತೆಳು ಗಾಳಿಯಲ್ಲಿ ಆಮ್ಲಜನಕ ಸಾಲದೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಏದುಸಿರಿನ ಜೊತೆ ನೀರಿನಂಶ ಹೋಗುತ್ತದೆ; ಹಿಮ ಕರಗಿಸದೆ ಕುಡಿಯಲು ನೀರಿಲ್ಲ. ಸಿರುಗುಪ್ಪದ ಗದ್ದೆಗಾಲುವೆಯಲ್ಲಿ ಹೂಳು ಕಲೆತ ನೀರಿನಂತೆ ರಕ್ತ ಮಂದವಾಗಿ ಹರಿಯುತ್ತದೆ. ಚಳಿಗೆ ಗುಡಾರದಲ್ಲಿ ಮುದುಡಿ ಕೂತರಂತೂ ಇನ್ನೂ ನಿಧಾನ. ಆಮ್ಲಜನಕದ ಕೊರತೆ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆಂದು ಭಾರತೀಯ ವಿಜ್ಞಾನಿಗಳು 2014ರಲ್ಲಿ ತೋರಿಸಿದರು.

ಇದು ಪರ್ವತಾರೋಹಿಗಳ ಪಾಡು ಮಾತ್ರವಲ್ಲ. ಸಿಯಾಚಿನ್ ಎಂದೊಡನೆ ಕನ್ನಡಿಗರಿಗೆ 2016ರ ಹಿಮಕುಸಿತ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. ಆದರೆ 1984ರಿಂದ ಕಾವಲಿರುವ ಆ ನೀರ್ಗಲ್ಲಿನಲ್ಲಿ ಸದ್ದಿಲ್ಲದ ಅಪಾಯ ರಕ್ತದೊಳಗೇ ಇದೆ. ಎತ್ತರದಲ್ಲಿ ದೀರ್ಘಕಾಲ ಇರುವ ಸೈನಿಕರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚು ಎಂದು ಸೇನಾ ವೈದ್ಯರು 2001ರಲ್ಲಿ ವರದಿ ಮಾಡಿದರು. ಹೆಪ್ಪು ಮೆದುಳಿನಲ್ಲಿ ಕಟ್ಟಿದರೆ ಹರೆಯದಲ್ಲೇ ಪಾರ್ಶ್ವವಾಯು.

ರಕ್ತ ತೆಳುಮಾಡುವ ಔಷಧಗಳಿವೆ. ಆದರೂ ಮೊದಲ ಕೆಲಸ ಹ್ಯೂಸ್ಟನ್ ಮಾಡಹೊರಟದ್ದೇ: ರೋಗಿಯನ್ನು ಕೆಳಗಿಳಿಸುವುದು. ಸಿಯಾಚಿನ್‌ನಲ್ಲಿ ಅದಕ್ಕೆ ಹೆಲಿಕಾಪ್ಟರ್ ಇದೆ, ಹವಾಮಾನ ಬಿಟ್ಟುಕೊಟ್ಟರೆ.